ಮರೆಗೆಂದು ನೆಟ್ಟ ಸೈಪ್ರೆಸ್

ಪಕ್ಕದ ಮನೆಯ ಮಾಮಿ ಕಾಂಪೌಂಡಿನ ಆಚೆಯಿಂದ ನಮ್ಮ ಸೈಪ್ರೆಸ್ ಗಿಡಕ್ಕೆ ಕತ್ತರಿ ಚಾಚಿದ್ದರು. ಮೈಲಾಪೂರಿನ ನಮ್ಮ ಅಂಗೈಯಗಲದ ತೋಟದಲ್ಲಿ ಆ ಗಿಡ ನೆಟ್ಟಿದ್ದೇ ಅವರ ಕಣ್ಣು ನಮ್ಮ ಅಡುಗೆಮನೆಗೆ ಬೀಳದಿರಲಿ ಎಂದು. ಅಗಲಕ್ಕೆ ಹರಡದ, ಎಲೆ ಉದುರಿಸದ ಅದನ್ನು ಎರಡು ಬೇಸಿಗೆ ಕಷ್ಟಪಟ್ಟು ಉಳಿಸಿಕೊಂಡಿದ್ದೆ.

"ಇವತ್ತು ಏನು ಸಮೆಯಲ್, ಏನು ಅಡುಗೆ ಅಂತಾನೇ ಕಾಣಲ್ವೇ! ಒಂದು ಸಣ್ಣ ಕಿಂಡಿ ಮಾಡ್ಕೊಳ್ಳಲಾಮ್ಮಾ?" ಎಂದರು, ಒಂದಿಷ್ಟೂ ಸಂಕೋಚವಿಲ್ಲದೆ.

ನಾನು ಜಗಳಕ್ಕೆ ಬಾಯಿ ತೆರೆಯುವಷ್ಟರಲ್ಲಿ ರೆಂಬೆ ಸರಿಸಿ ಇಣುಕಿದರು. "ಅಡಡಾ, ನಿಮ್ಮ ಕಡೆಯಿಂದ ಆಗಲೇ ಯಾರೋ ಮಾಡಿದಾರಲ್ಲಾ!"

ಅವರ ಮನೆಗೆ ಯಾರು ಬಂದರೆಂದು ನೋಡಲು ನಾನೇ ಮುರಿದಿದ್ದ ಕಿಂಡಿ ಅದು. ಒಳರೆಂಬೆ ಮುರಿದರೆ ಮತ್ತೆ ಚಿಗುರುವುದಿಲ್ಲ ಎಂದು ನರ್ಸರಿಯವರು ಮೊದಲೇ ಹೇಳಿದ್ದರು. ಈಗ ದಿನಾ ಬೆಳಗಿನ ಕಾಫಿ ಹೊತ್ತಿಗೆ ಆ ಕಿಂಡಿಯ ಎರಡೂ ಕಡೆ ಒಂದೊಂದು ಕಣ್ಣಿರುತ್ತದೆ.