ಅಂಬುಬಾಯಿ ತೋರಿಸಿದ ಓಣಿಗಳು

ಆಳಂದದ ಏಳು ಓಣಿಗಳ ಕಸದ ಹುಟ್ಟು, ಜಾತಕ ಎಲ್ಲ ಅಂಬುಬಾಯಿಗೆ ಗೊತ್ತು. ಇಪ್ಪತ್ತು ವರ್ಷದಿಂದ ಬೆಳಗಾದರೆ ಚೀಲ ಹೊತ್ತು, ರಟ್ಟು, ಬಾಟಲಿ, ತಗಡು ಆರಿಸಿ, ಸಲಾವುದ್ದೀನನ ಗುಜರಿ ಅಂಗಡಿಗೆ ಹಾಕಿ ಬದುಕಿದವಳು. ಅವನು ದರ ಇಳಿಸಿದರೆ, "ಊರಾಗ ನಿಂದೊಂದೇ ಅಂಗಡಿ ಅದ ಏನಲೇ?" ಎಂದು ಜಬರಿಸಿ ಎದುರಿನ ಅಂಗಡಿಯತ್ತ ಹೊರಳುತ್ತಿದ್ದಳು. ಅವನೇ ಕೂಗಿ ಕರೆಯುತ್ತಿದ್ದ.

ಹೋದ ವರ್ಷ ಪುರಸಭೆಯಿಂದ ಅನೀಲಕುಮಾರನೆಂಬ ಸರ್ವೆಯವನು ಬಂದ. ಯಾವ ಓಣಿಯಲ್ಲಿ ಎಷ್ಟು ಕಸ ಎಂದು ಬರೆದುಕೊಳ್ಳಬೇಕಂತೆ. ಇಷ್ಟು ವರ್ಷ ಯಾರೂ ಕೇಳದ ವಿದ್ಯೆಯನ್ನು ಸಾಹೇಬನೊಬ್ಬ ಕೇಳಿದ್ದೇ ತಡ, ಅಂಬುಬಾಯಿ ಉಬ್ಬಿಹೋದಳು. ತನಗೊಂದು ಗುರುತಿನ ಚೀಟಿ ಸಿಕ್ಕೀತು ಎಂಬ ಆಸೆ ಬೇರೆ. ಎರಡು ದಿನ ಅವನನ್ನು ಓಣಿ ಓಣಿ ತಿರುಗಿಸಿದಳು.

"ಅಮಾಸಿ ಮುಂದ ಮನಿ ತೊಳೀತಾರ್ರಿ ಸಾಹೇಬ್ರ, ಅವತ್ತು ಕಸ ಡಬಲ್. ಈ ಮನಿಯವ್ರು ಒಣಾ ಕಸ ಬ್ಯಾರೆ ಇಡ್ತಾರ ನೋಡ್ರಿ, ನಾನೇ ಕಲಿಸೀನಿ."

ಅವನು ಎಲ್ಲ ಬರೆದುಕೊಂಡು, ಅವಳ ಮನೆಯಲ್ಲಿ ಚಹಾ ಕುಡಿದು ಹೋದ.

ಆ ಸರ್ವೆ ಹಿಡಿದು ಮೂರು ತಿಂಗಳಿಗೆ ಪುರಸಭೆಯ ಹೊಸ ನಿಯಮ ಬಂತು. ಊರ ಕಸವೆಲ್ಲ ಗುತ್ತಿಗೆದಾರ ಹೊಸದಾಗಿ ಕಟ್ಟಿದ, ಕಸ ವಿಂಗಡಿಸಿ ಮಾರುವ ಯಾರ್ಡಿಗೇ ಹೋಗಬೇಕು, ಬೇರೆಯವರಿಗೆ ಕೊಟ್ಟರೆ ದಂಡ. ಸಲಾವುದ್ದೀನ ಅಂಗಡಿ ಮುಚ್ಚಿದ, ಎದುರಿನವನೂ ಮುಚ್ಚಿದ. ಅಂಬುಬಾಯಿ ಪುಕ್ಕಟೆ ಒಯ್ಯುತ್ತಿದ್ದುದಕ್ಕೆ ಈಗ ಮನೆಮನೆಗೂ ತಿಂಗಳ ಶುಲ್ಕ. ಬಲು ಶಾಣ್ಯಾರು ಕೂತು ಮಾಡಿದ ನಿಯಮವಂತೆ, ಸುಡಲಿ!

ಅಂಬುಬಾಯಿ ಪುರಸಭೆ ಆಫೀಸಿಗೆ ಹೋಗಿ ಅನೀಲಕುಮಾರನನ್ನೇ ಹಿಡಿದಳು.

"ನಾ ಒಯ್ದ್ರ ಯಾರಿಗಿ ಏನು ಲುಕ್ಸಾನ್ ಇತ್ರಿ?"

"ಯಾರ್ಡಿಗಿ ಭಾಳ ರೊಕ್ಕ ಸುರದಾರವ್ವ. ಕಸ ಎಲ್ಲಾ ಅಲ್ಲಿಗೇ ಬರದಿದ್ರ ಆ ರೊಕ್ಕ ಹೊಳ್ಳಿ ಬರಂಗಿಲ್ಲ. ಮಾರೋ ಮಾಲೆಲ್ಲಾ ನೀ ಮೊದ್ಲೇ ಆರಿಸಿಕೊಂಡ್ರ ಅವರಿಗಿ ಏನು ಉಳೀತದ?"

"ಮತ್ತ ನಾ ಹ್ಯಾಂಗ ಬದುಕಬೇಕ್ರಿ?"

ಅವನು ಯಾರ್ಡಿನ ದಾರಿ ತೋರಿಸಿದ. ಯಾರ್ಡಿನಲ್ಲಿ ಕೆಲಸ ಕೇಳಿದರೆ, ಐವತ್ತು ದಾಟಿದವರನ್ನು ತೆಗೆದುಕೊಳ್ಳುವುದಿಲ್ಲ ಎಂದರು.

ಅವಳು ಕಸ ಒಯ್ಯುತ್ತಿದ್ದ ಮನೆಗಳಲ್ಲಿ ಸುಭದ್ರಾಬಾಯಿಯೊಬ್ಬರು ಮಾತ್ರ ಕದ್ದುಮುಚ್ಚಿ ಅವಳಿಗಾಗಿ ಚೀಲ ತೆಗೆದಿಡುತ್ತಿದ್ದರು; ಅದನ್ನು ಅವಳು ಪಕ್ಕದ ಊರಿಗೆ ಒಯ್ದು ಮಾರುತ್ತಿದ್ದಳು. ಅದೂ ಸಿಕ್ಕಿಬಿತ್ತು, ಸುಭದ್ರಾಬಾಯಿಗೆ ಐನೂರು ರೂಪಾಯಿ ದಂಡ. ಮನೆಯಲ್ಲಿ ಗಂಡ ಅಂದ ಮಾತು ಓಣಿಗೆಲ್ಲ ಕೇಳಿಸಿತು.

ಮರುದಿನ ಕಸದ ಗಾಡಿ ಬಂದಾಗ ಸುಭದ್ರಾಬಾಯಿ ಚೀಲ ಹಿಡಿದು ಹೊರಗೆ ಬಂದರು. ಕಟ್ಟೆಯ ಬದಿಗೆ ನಿಂತಿದ್ದ ಅಂಬುಬಾಯಿಯನ್ನು ಕಂಡು ಅವರ ಕಾಲು ತಡೆಯಿತು.

"ಹಿತ್ತಲಕಡಿ ಬಾ ಬೇ ಅಂಬು," ಎಂದರು ಮೆಲ್ಲಗೆ.

ಅಂಬುಬಾಯಿಯ ಮನೆಯಲ್ಲಿ ಅಂದು ರೊಟ್ಟಿಗೆ ಹಿಟ್ಟಿರಲಿಲ್ಲ. ಆ ಚೀಲ ಮಾರಿದರೆ ಒಂದು ಹೊತ್ತಿನ ಹಿಟ್ಟು ಬರುತ್ತಿತ್ತು.

"ಬ್ಯಾಡ್ರೆವ್ವಾ. ಗಾಡಿಗೇ ಹಾಕ್ರಿ."

ಗಾಡಿಗೆ ಹಾಕಲು ಸುಭದ್ರಾಬಾಯಿಗೆ ಮನಸ್ಸು ಬರಲಿಲ್ಲ. ಗಾಡಿಯವನು ಅವಸರ ಮಾಡಿದ. ಅಂಬುಬಾಯಿಯೇ ಮುಂದೆ ಬಂದು, ಅವರ ಕೈಯಿಂದ ಚೀಲ ಬಿಡಿಸಿಕೊಂಡು, ಎತ್ತಿ ಗಾಡಿಗೆ ಒಗೆದಳು.