ತಾಂಬಟ ಆಳಿಯ ಬೀಗ ಹಾಕಿದ ಮನೆ

ಪುಣೆಗೆ ಬಂದ ಮೇಲೆ ಎಷ್ಟು ಬಾಡಿಗೆ ಮನೆ ಬದಲಿಸಿದಿರಿ ಎಂದು ಯಾರಾದರೂ ಕೇಳಿದರೆ ಪಾರವ್ವ ಬೆರಳು ಮಡಚಲು ಶುರುಮಾಡಿ ನಡುವೆಯೇ ಬಿಟ್ಟುಬಿಡುತ್ತಿದ್ದಳು. ಭವಾನಿ ಪೇಟೆಯ ಖೋಲಿಯ ಮಾಳಿಗೆ ಒಂದು ಮಳೆಗಾಲದಲ್ಲಿ ಕುಸಿದುಬಿತ್ತು. ನಾನಾ ಪೇಟೆಯಲ್ಲಿದ್ದಾಗ ಪ್ಲೇಗು ಬಂದು, ಎಲ್ಲರ ಜೊತೆ ಇವರೂ ಊರ ಹೊರಗೆ ಗುಡಿಸಲು ಹಾಕಿಕೊಂಡರು. ಬೇನೆ ಇಳಿದು ತಿರುಗಿ ಬರುವುದರಲ್ಲಿ ಅವರ ಖೋಲಿಯಲ್ಲಿ ಬೇರೆ ಯಾರದೋ ತೊಟ್ಟಿಲು ತೂಗುತ್ತಿತ್ತು. ಆಮೇಲೆ ಸಿಕ್ಕ ಮಾಲಕರದೆಲ್ಲ ಒಂದೇ ತಕರಾರು, ರೊಟ್ಟಿ ಬಡಿಯುವ ಸಪ್ಪಳದ್ದು.

ಸಪ್ಪಳವಾಗದೆ ಇರಲು ಸಾಧ್ಯವಿರಲಿಲ್ಲ. ಪಾರವ್ವನ ಗಂಡ ಸಿದ್ರಾಮಪ್ಪ ಇಂಡಿ ಕಡೆಯವನು, ಬೆಲ್ಲದ ಅಡತಿ ಅಂಗಡಿಯಲ್ಲಿ ಗುಮಾಸ್ತ. ಅವನ ಪಗಾರ ಸಾಲದೆ ಅವಳು ಖಾನಾವಳಿ ಇಟ್ಟಿದ್ದಳು. ರೈಲ್ವೆ ಕಾರಕೂನರು, ಕಾಲೇಜಿನ ಹುಡುಗರು, ಬಿಜಾಪುರ ಧಾರವಾಡ ಬಿಟ್ಟು ಬಂದ ಒಂಟಿ ಗಂಡಸರು ಅವಳ ಪಡಸಾಲೆಯಲ್ಲಿ ಸಾಲಾಗಿ ಕೂತು ಜೋಳದ ರೊಟ್ಟಿ, ಎಣಗಾಯಿ, ಶೇಂಗಾ ಹಿಂಡಿ ಉಣ್ಣುತ್ತಿದ್ದರು. ಅಷ್ಟು ಜನಕ್ಕೆ ರೊಟ್ಟಿ ಆಗಬೇಕೆಂದರೆ ಕೋಳಿ ಕೂಗುವ ಹೊತ್ತಿಗೇ ಬಡಿಯಲು ಕೂಡಬೇಕು. ಮೇಲಿನ ಅಂತಸ್ತಿನಲ್ಲಿ ಮಲಗಿದ ಮಾಲಕ ಮೊದಮೊದಲು ಕೆಮ್ಮುತ್ತಿದ್ದ, ಆಮೇಲೆ ಬೈಯುತ್ತಿದ್ದ, ಕೊನೆಗೆ ಜಾಗ ಖಾಲಿ ಮಾಡಿ ಅನ್ನುತ್ತಿದ್ದ.

ಸಾವಿರದ ಒಂಬೈನೂರಾ ಮೂವತ್ನಾಲ್ಕರ ಮಳೆಗಾಲದಲ್ಲಿ ರಾಸ್ತಾ ಪೇಟೆಯ ಮಾಲಕನೂ ಅದೇ ಮಾತು ಅಂದ. ದಸರೆಯ ಒಳಗೆ ಬಿಡಬೇಕು, ಮಗನ ಮದುವೆ ಇದೆ ಎಂದು ನೆಪ ಹೇಳಿದ. ಅವನ ಮಗನಿಗೆ ಇನ್ನೂ ಮೀಸೆ ಚಿಗುರಿರಲಿಲ್ಲ.

ಅದೇ ವಾರ ಪಾರವ್ವನ ನೀರಿನ ಹಂಡೆ ಸೋರತೊಡಗಿತು. ಅದನ್ನು ಹೊತ್ತುಕೊಂಡು ಅವಳು ಕಸಬಾ ಪೇಟೆಯ ತಾಂಬಟ ಆಳಿಗೆ ಹೋದಳು. ತಾಮ್ರದ ಪಾತ್ರೆ ಮಾಡುವವರ ಓಣಿ ಅದು. ಎರಡೂ ಬದಿಯ ಮನೆಗಳಲ್ಲಿ ಬೆಳಗಾದದ್ದೇ ತಡ, ಸುತ್ತಿಗೆ ಏಳುತ್ತವೆ. ಹೊಸಬರಿಗೆ ಓಣಿ ದಾಟುವುದರಲ್ಲಿ ಕಿವಿ ಕಿವುಡಾಗುತ್ತದೆ. ಅವಧೂತನೆಂಬ ತಾಂಬಟ ಹಂಡೆಯ ತೂತು ನೋಡುತ್ತಿದ್ದಾಗ ಪಾರವ್ವನ ಕಣ್ಣು ಪಕ್ಕದ ಮನೆಯ ಬೀಗದ ಮೇಲೆ ಬಿತ್ತು. ಯಾರ ಮನೆ ಎಂದು ಕೂಗಿ ಕೇಳಿದಳು.

“ರಂಗೂಬಾಯಿಯದು,” ಎಂದು ಅವನೂ ಕೂಗಿಯೇ ಹೇಳಿದ. ಗಂಡ ತೀರಿಕೊಂಡ ಮೇಲೆ ಮುದುಕಿ ಮಗಳ ಹತ್ತಿರ ಘಾಟಿನಾಚೆಯ ಭೋರ್ ಊರಿಗೆ ಹೋಗಿದ್ದಾಳೆ, ಮಾರಬೇಕೆಂದಿದ್ದಾಳೆ, ಆದರೆ ಈ ಗದ್ದಲದಲ್ಲಿ ಬಂದು ಇರುವವರು ಯಾರು? ತಾಂಬಟರಿಗೆ ಅವರವರ ಮನೆ ಇದ್ದೇ ಇವೆ.

ಪಾರವ್ವ ಅವನ ಹತ್ತಿರವಿದ್ದ ಬೀಗದ ಕೈ ಕೇಳಿ ತೆಗೆದುಕೊಂಡು ಒಳಗೆ ಹೋದಳು. ಮುಂದೆ ಕಿರಿದಾದ ಪಡಸಾಲೆ, ಅದರ ನೆಲದಲ್ಲಿ ತಾಮ್ರ ಬಡಿಯುವ ಅಡಿಗಲ್ಲು ಹೂತಿದ್ದ ಗುಂಡಿ, ಹಿಂದೆ ಅಡಿಗೆಮನೆ, ಅದಕ್ಕೊಂದು ಕಿಟಕಿ, ಹಿತ್ತಲಲ್ಲಿ ನಳ, ಮೇಲೆ ಒಂದು ಅಟ್ಟ. ಗೋಡೆಯೆಲ್ಲ ಹೊಗೆ ಹಿಡಿದು ಕರ್ರಗಾಗಿತ್ತು. ಅಡಿಗೆಮನೆಯಲ್ಲಿ ನಿಂತಾಗ ಪಕ್ಕದ ಮನೆಯ ಸುತ್ತಿಗೆಯ ಪೆಟ್ಟು ಅವಳ ಅಂಗಾಲಿಗೆ ಬಂದು ತಾಗುತ್ತಿತ್ತು. ಇಲ್ಲಿ ನಾನು ಹೊತ್ತು ಹುಟ್ಟುವ ಮೊದಲು ಎಷ್ಟೇ ಬಡಿದರೂ ಕೇಳುವವರು ಯಾರು ಅನ್ನಿಸಿ ಅವಳಿಗೆ ನಗು ಬಂತು. ಮರುಗಳಿಗೆಗೇ ನಗು ಬಂದದ್ದಕ್ಕೇ ಹೆದರಿದಳು.

ಅಂದಿನಿಂದ ಅವಳ ಕೈಗೆ ಕೆಲಸ ಹತ್ತಲೊಲ್ಲದು. ಪಲ್ಯಕ್ಕೆ ಎರಡು ಸಲ ಉಪ್ಪು ಬಿತ್ತು. ಹಂಡೆ ಆಯಿತೇನು ನೋಡಿ ಬರುತ್ತೇನೆಂದು ಹೋದಳು, ಆಗಿರಲಿಲ್ಲ. ಮತ್ತೆ ಹೋದಳು. ಹಂಡೆ ಕೈಗೆ ಬಂದ ಮೇಲೆ ಹಳೆಯ ತಂಬಿಗೆಯೊಂದರ ತಗ್ಗು ತೆಗೆಸಬೇಕೆಂದು ನೆಪ ಹುಡುಕಿಕೊಂಡು ಹೋದಳು. ಹೋದಾಗಲೆಲ್ಲ ಅವಧೂತ ಕೇಳುವ ಮೊದಲೇ ಬೀಗದ ಕೈ ಎತ್ತಿ ಕೊಡುತ್ತಿದ್ದ.

ಗಂಡನ ಮುಂದೆ ಮಾತು ತೆಗೆದಾಗ ಸಿದ್ರಾಮಪ್ಪ ರುಮಾಲು ಸುತ್ತುತ್ತಿದ್ದವನು ಕೈ ನಿಲ್ಲಿಸಿದ.

“ಇಲ್ಲಿ ಮನಿ ಯಾಕ? ಮುಂದಿನ ವರ್ಷ ಊರಿಗೆ ಹೋಗೂದೇ ಅದ.”

“ನಾ ಲಗ್ನಾಗಿ ಬಂದಾಗಿಂದ ಮುಂದಿನ ವರ್ಷ ಅಂತೀರಿ,” ಎಂದಳು ಪಾರವ್ವ. “ಮಗಳನ್ನ ಸೊಲ್ಲಾಪುರಕ್ಕ ಕೊಟ್ಟು ಮೊಮ್ಮಗನ ಜಾವಳಾನೂ ಆತು.”

“ಈ ವರ್ಷ ಮಳಿ ಛಲೋ ಆಗ್ಯಾವ. ನಮ್ಮ ಅಣ್ಣಗ ಹೇಳಿ ಅಲ್ಲೇ ಒಂದೆರಡು ಅಂಕಣದ ಮನಿ ಕಟ್ಟಿಸಿದ್ರ ಆತು.”

ಇಂಡಿಗೆ ಹೋದರೆ ಪಾರವ್ವ ಸಣ್ಣ ಸೊಸೆ. ತಲೆಯ ಮೇಲಿನ ಸೆರಗು ಇಳಿಯಬಾರದು, ನೆಗೆಣ್ಣಿ ಅಳೆದು ಕೊಟ್ಟ ಹಿಟ್ಟಿನಲ್ಲಿ ರೊಟ್ಟಿ ಮಾಡಬೇಕು. ಪುಣೆಯಲ್ಲಿ ಆದರೆ ಮಂಡಿಯ ಹಮಾಲನಿಗೂ ಅವಳ ಹೆಸರು ಗೊತ್ತು. ಪಾರವ್ವನ ಖಾನಾವಳಿ ಎಲ್ಲಿ ಎಂದರೆ ಟಾಂಗಾದವರು ನೇರ ತಂದು ಬಿಡುತ್ತಾರೆ. ಇದನ್ನು ಗಂಡನಿಗೆ ಹೇಗೆ ಹೇಳುವುದು? ಅವನು ಬೇಸತ್ತ ದಿನಗಳನ್ನೆಲ್ಲ ಊರಿನ ನೆನಪಿನಿಂದಲೇ ದೂಡಿಕೊಂಡು ಬಂದವನು.

ಆದರೂ ಸಿದ್ರಾಮಪ್ಪ ಕೆಟ್ಟವನಲ್ಲ. ಹೆಂಡತಿಯ ಮುಖ ಬಾಡಿದ್ದು ನೋಡಲಾರದೆ, ಅಮಾವಾಸ್ಯೆಯ ಸೂಟಿಯಂದು ಒಗೆದ ಧೋತರ ಉಟ್ಟು, ಸ್ವಾರಗೇಟಿನ ಹತ್ತಿರ ಮೋಟಾರು ಹಿಡಿದು ಭೋರಿಗೆ ಹೋದ. ಮುದುಕಿಯ ಮುಂದೆ ಮನೆ ಕೊಳ್ಳುವ ಮಾತು ಇಟ್ಟು ಬರುವುದೆಂದು ಗಟ್ಟಿಯಾಗಿತ್ತು. ಅಂದು ಪಾರವ್ವ ಎಷ್ಟು ಸಲ ಹೊಸ್ತಿಲಿಗೆ ಬಂದು ನಿಂತಳೋ! ಉಣ್ಣಲು ಕೂತ ರೈಲ್ವೆಯವರು ರೊಟ್ಟಿ ಬೇಡಿ ಬೇಡಿ ಕೊನೆಗೆ ತಾವೇ ಎದ್ದು ಬುಟ್ಟಿಗೆ ಕೈ ಹಾಕಿದರು.

ಸಂಜೆ ಸಿದ್ರಾಮಪ್ಪ ಬಂದು ಕಾಲು ತೊಳೆದು ಕೂತ.

“ಏನಾತ್ರಿ? ಮಾತು ಇಟ್ಟಿರೇನು?”

“ಇಡಲಿಲ್ಲ.”

“ಯಾಕ್ರಿ?”

“ಮುದುಕಿ ಒಂದ ಮಾತು ಕೇಳಿದ್ಲು. ಸಾಯೂ ತನಕ ಆ ಮನ್ಯಾಗ ನೀವ ಇರ್ತೀರೇನು, ಇಲ್ಲಾ ಬಾಡಿಗಿ ಹಚ್ಚಿ ನಿಮ್ಮೂರ ಮುಲುಕಕ್ಕ ಹೋಗ್ತೀರೇನು, ಅಂತ.” ಅವನು ಧೋತರದ ಅಂಚನ್ನು ಬೆರಳಿಗೆ ಸುತ್ತಿ ಬಿಡುತ್ತಿದ್ದ. “ನನ್ನ ಬಾಯಿಂದ ಹೂಂ ಬರಲಿಲ್ಲ, ಪಾರು. ಚಾ ಕುಡದು ಎದ್ದು ಬಂದೆ.”

ನೀರೊಡೆದ ಬೆಲ್ಲವನ್ನೂ ಛಲೋ ಅದ ಎಂದು ಹೇಳಿ ಗಿರಾಕಿಯ ಗಾಡಿಗೆ ಹಾಕಿಸುವ ಮನುಷ್ಯ! ಒಂದು ಹೂಂ ಅನ್ನಲು ಆಗಲಿಲ್ಲವೇ ಎಂದು ಪಾರವ್ವನಿಗೆ ಸಿಟ್ಟು ನೆತ್ತಿಗೇರಿತು. ಆದರೆ ಅವನು ಸುಳ್ಳು ಹೇಳದೆ ಬಂದದ್ದು ಯಾಕೆಂದೂ ಅವಳಿಗೆ ತಿಳಿಯಿತು. ಅದರಿಂದ ಸಂಕಟ ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ.

ದಸರೆ ಹತ್ತಿರವಾಯಿತು. ಮಾಲಕ ಬೆಳಿಗ್ಗೆ ಒಮ್ಮೆ ಸಂಜೆ ಒಮ್ಮೆ ಬಂದು ಗೋಡೆಗೆ ಸುಣ್ಣ ಹಚ್ಚುವವರನ್ನು ಯಾವಾಗ ಕರೆಸಲಿ ಎಂದು ಕೇಳತೊಡಗಿದ. ಅವಧೂತನೂ ಒಂದು ಸುದ್ದಿ ಹೇಳಿದ. ಮೋಡಕಾ ಎಂಬ ಗುಜರಿ ಸಾಮಾನಿನ ವ್ಯಾಪಾರಿಯೊಬ್ಬ ಆ ಮನೆಯನ್ನು ಗೋದಾಮು ಮಾಡಲು ಕೇಳುತ್ತಿದ್ದಾನಂತೆ. ಅಂದು ಪಾರವ್ವ ಕಾಯಿಪಲ್ಲೆ ಮಾರುವ ಭೀಮವ್ವನ ಮನೆಗೆ ಹೋಗಿ, “ನಾಳೆ ನನ್ನ ಜೋಡಿ ಬರ್ತಿಯೇನ?” ಎಂದಳು. ಎಲ್ಲಿಗೆ ಎಂದು ಕೇಳದೆಯೇ ಭೀಮವ್ವ ಒಪ್ಪಿದಳು.

ಬೆಳಿಗ್ಗೆ ರೊಟ್ಟಿ ಮುಗಿಸಿ, ಬಟ್ಟಲುಗಳಿಗೆ ಪಲ್ಯ ಹಾಕಿಟ್ಟು, ಪಾರವ್ವ ಇಳಕಲ್ಲು ಸೀರೆ ಉಟ್ಟಳು.

“ನಾ ಭೋರಿಗೆ ಹೊಂಟೀನ್ರಿ.”

ಸಿದ್ರಾಮಪ್ಪ ಅವಳನ್ನೇ ನೋಡಿದ. “ಮಾತು ಇಡಾಕ?”

“ಗೊತ್ತಿಲ್ರಿ. ಅಲ್ಲಿ ಹೋದ ಮ್ಯಾಲ ಗೊತ್ತಾಗ್ತದ.”

ಅವನು ಗೂಟಕ್ಕಿದ್ದ ಕೊಡೆ ತೆಗೆದು ಅವಳ ಕೈಗೆ ಕೊಟ್ಟ.

ಕಾತ್ರಜ ಘಾಟಿನ ತಿರುವುಗಳಲ್ಲಿ ಮೋಟಾರು ವಾಲಿದಂತೆಲ್ಲ ಪಾರವ್ವನ ಮನಸ್ಸೂ ಆಚೆ ಈಚೆ ವಾಲುತ್ತಿತ್ತು. ತನ್ನ ಬಂಗಾರದ ಬೋರಮಾಳ, ಪಾಟ್ಲಿ ಮನೆಯ ಬೆಲೆಗೆ ಹೋದರೆ ಹೋಗಲಿ. ಆದರೆ ಗಂಡನ ಮನಸ್ಸಿಲ್ಲದೆ ಕೊಂಡ ಮನೆಯಲ್ಲಿ ಗಂಡ ಇರುತ್ತಾನೆಯೇ? ಸಿಟ್ಟಿಗೆ ಊರಿಗೆ ಹೊರಟುಬಿಟ್ಟರೆ? ಉಣ್ಣುವವರೆಲ್ಲ ಎದ್ದು ಹೋದ ಮೇಲೆ ಸುತ್ತಿಗೆಯ ಸದ್ದಿನ ನಡುವೆ ಒಬ್ಬಳೇ ಕೂತು ತಾನು ಯಾರಿಗೆ ಬಡಿಸುವುದು? ಕೊಳ್ಳದಿದ್ದರೋ, ಮತ್ತೆ ಗಾಡಿ, ಮತ್ತೆ ಹೊಸ ಮಾಲಕನ ಕೆಮ್ಮು. ತಿರುಗಿ ಹೋಗೋಣ ಎಂದು ಭೀಮವ್ವನ ಕೈ ಹಿಡಿದಳು. ಭೀಮವ್ವ, “ಇಲ್ಲಿ ಇಳದ್ರ ಹುಲಿ ತಿಂತದ, ಸುಮ್ಮ ಕೂಡ,” ಎಂದಳು.

ರಂಗೂಬಾಯಿ ಮಗಳ ಮನೆಯ ಜಗಲಿಯ ಮೇಲೆ ಕೂತಿದ್ದಳು. ಎರಡೂ ಕಣ್ಣಿಗೆ ಪರೆ ಬಂದಿತ್ತು. ಪಾರವ್ವ ತನ್ನ ಬಾಜಾರದ ಮರಾಠಿಯಲ್ಲಿ ತಾನು ಯಾರೆಂದು ಹೇಳಿದಾಗ ಮುದುಕಿ ನಕ್ಕಳು.

“ನಿನ್ನ ಯಜಮಾನ ಬಂದಿದ್ದ. ಚಹಾ ಕುಡಿದ, ಮಳೆಯ ಮಾತಾಡಿದ, ಎದ್ದು ಹೋದ. ಒಳ್ಳೆಯ ಮನುಷ್ಯ. ಅವನಿಗೆ ಕೇಳಿದ್ದನ್ನೇ ನಿನಗೂ ಕೇಳುತ್ತೇನೆ. ನೀವು ಅಲ್ಲಿ ಇರುವವರೋ ಹೋಗುವವರೋ?”

“ಅವ್ರದು ನನಗ ಗೊತ್ತಿಲ್ಲ ಆಜಿ,” ಎಂದಳು ಪಾರವ್ವ. “ನಾ ಇರ್ತೀನಿ.”

ಈ ಮಾತನ್ನು ಅವಳು ತನಗೆ ತಾನೇ ಕೂಡ ಇದುವರೆಗೆ ಹೇಳಿಕೊಂಡಿರಲಿಲ್ಲ.

ಮುದುಕಿ ತನ್ನ ಮಾತು ಇಟ್ಟಳು. ಮೋಡಕಾದವನಿಗೆ ತಾನು ಕೊಡುವುದಿಲ್ಲ. ಪಾರವ್ವನಿಗೆ ಕೊಡುತ್ತಾಳೆ, ಆದರೆ ಅಟ್ಟ ಮಾತ್ರ ತಾನು ಸಾಯುವತನಕ ತನ್ನದು. ಅದರ ಬೀಗದ ಕೈ ತನ್ನ ಸೊಂಟದಲ್ಲಿ ಇರಬೇಕು. ಬೇಕಾದಾಗ ಬರುತ್ತಾಳೆ, ಬೇಕಾದಾಗ ಹೋಗುತ್ತಾಳೆ. “ಮಗಳ ಮನೆ ಎಷ್ಟಾದರೂ ಅಳಿಯನ ಮನೆ,” ಎಂದು ದನಿ ತಗ್ಗಿಸಿದಳು.

ಪಾರವ್ವ ಎದ್ದು ಹಿತ್ತಲಿಗೆ ಹೋಗಿ ಮುಖಕ್ಕೆ ನೀರು ಹಾಕಿಕೊಂಡಳು. ಇಷ್ಟು ದಿನ ತಲೆಯ ಮೇಲೆ ಯಾರೋ ಒಬ್ಬರು ಓಡಾಡುತ್ತಿದ್ದರು. ಈಗ ಇದ್ದಬಿದ್ದ ಬಂಗಾರವೆಲ್ಲ ಕೊಟ್ಟು ಮತ್ತೊಬ್ಬ ಮಾಲಕಿಯನ್ನು ತಲೆಯ ಮೇಲೆ ಕೂರಿಸಿಕೊಳ್ಳುವುದೇ? ಇದಕ್ಕೆ ಬಾಡಿಗೆ ಮನೆಯೇ ಮೇಲಲ್ಲವೇ? ಆದರೆ ಮುದುಕಿ ದನಿ ತಗ್ಗಿಸಿದ್ದು ಕಿವಿಯಲ್ಲೇ ಉಳಿದಿತ್ತು. ಆ ಮುದುಕಿಯೂ ತನ್ನ ಹಾಗೆಯೇ ಬೇರೆಯವರ ಹೊಸ್ತಿಲಲ್ಲಿ ಕೂತವಳು.

ತಿರುಗಿ ಬಂದು ಮುದುಕಿಯ ಎದುರು ಕೂತು ನಿಧಾನವಾಗಿ ಹೇಳಿದಳು. “ಅಟ್ಟ ನಿಮಗ ಬಿಡೂದಿಲ್ಲ ಆಜಿ. ಕೊಂಡ ಮ್ಯಾಲ ಮನಿ ಪೂರಾ ನಂದು, ಬೀಗಾನೂ ನಂದು. ಆದ್ರ ನೀವು ಯಾವಾಗ ಬಂದ್ರೂ ನಮ್ಮ ಮನಿ ಹಿರ್ಯಾರಾಗಿ ಇರ್ರಿ. ನಾವು ಉಂಡದ್ದ ಉಣ್ರಿ. ಬಾಡಿಗಿ ಕೇಳಂಗಿಲ್ಲ, ಹೋಗ್ರಿ ಅನ್ನಂಗಿಲ್ಲ. ನೀವು ಯಜಮಾನ್ಕಿ ಮಾಡಬಾರದು, ಅಷ್ಟ.” ಆಮೇಲೆ ತಾನು ಕೊಡಬಲ್ಲ ಬೆಲೆಯನ್ನೂ ಹೇಳಿದಳು.

ಒಳಗೆ ಬೀಸುತ್ತಿದ್ದ ಮಗಳ ಕೈ ನಿಂತಿತು. ರಂಗೂಬಾಯಿಯ ಮುಖ ಬಿಗಿಯಿತು. “ನನ್ನ ಗಂಡ ಕಟ್ಟಿಸಿದ ಮನೆಗೆ ನನ್ನನ್ನೇ ಕರೆಯುತ್ತೀಯಾ?” ಎಂದಳು. ಕೊನೆಗೆ, “ಹೋಗಿ ಬಾ. ಹೇಳಿ ಕಳಿಸುತ್ತೇನೆ,” ಎಂದು ಮುಖ ತಿರುಗಿಸಿದಳು.

ಹಾಗೆ ಬರಿಗೈಯಲ್ಲಿ ಬಂದ ಮೇಲಿನ ದಿನಗಳು ಪಾರವ್ವನಿಗೆ ಬಾಣಲೆಯ ಮೇಲೆ ಕೂತಂತಾದವು. ಅಷ್ಟು ಖಡಕ್ಕಾಗಿ ಮಾತಾಡಬಾರದಿತ್ತು ಎಂದು ಒಮ್ಮೆ, ಆಡಿದ್ದೇ ಸರಿ ಎಂದು ಒಮ್ಮೆ. ಸಿದ್ರಾಮಪ್ಪ ಅಂಗಡಿಯಿಂದ ಬರುವಾಗ ದಿನಾ ಕಸಬಾ ಪೇಟೆಯ ಸುತ್ತುದಾರಿ ಹಿಡಿಯುತ್ತಿದ್ದನೆಂದು ಆಮೇಲೆ ಅವಧೂತನಿಂದ ತಿಳಿಯಿತು. ಮನೆಯ ಮುಂದೆ ನಿಂತು ಬೀಗ ಮುಟ್ಟಿ ನೋಡಿ ಹೋಗುತ್ತಿದ್ದನಂತೆ.

ಮಹಾನವಮಿಯ ಹಿಂದಿನ ದಿನ ಅವಧೂತ ಬಂದು ಬಾಗಿಲಲ್ಲೇ ಹೇಳಿದ, “ಮುದುಕಿ ಒಪ್ಪಿದಳು. ಬೀಗ ನಿನ್ನದೇ ಅಂತೆ.”

ಖರೇದಿಯ ದಿನ ಯಾರ ಹೆಸರಿಗೆ ಬರೆಯಲಿ ಎಂದು ಕಾರಕೂನ ಕೇಳಿದ. ಪಾರವ್ವ ಗಂಡನ ಕಡೆ ನೋಡಿದಳು.

“ಅಕಿ ಹೆಸರಿಗೇ ಬರೀರಿ,” ಎಂದ ಸಿದ್ರಾಮಪ್ಪ. “ನಾ ಏನು, ಮುಂದಿನ ವರ್ಷ ಊರಿಗೆ ಹೋಗಾಂವ.”

ಅದು ಮುನಿಸೋ ಮಮತೆಯೋ ಪಾರವ್ವನಿಗೆ ಆಗಲೂ ತಿಳಿಯಲಿಲ್ಲ, ಮುಂದೆಯೂ ತಿಳಿಯಲಿಲ್ಲ. ಅವನು ಊರಿಗೆ ಹೋಗಲಿಲ್ಲ. ಹೋಗುವ ಮಾತನ್ನೂ ಬಿಡಲಿಲ್ಲ.

ಸ್ವಂತ ಮನೆಗೆ ಬಂದರೂ ಪಾರವ್ವನ ತಳಮಳ ಒಮ್ಮೆಲೇ ಇಳಿಯಲಿಲ್ಲ. ಎಷ್ಟೋ ಪಾತ್ರೆ ಪಗಡೆ ತಿಂಗಳಾನುಗಟ್ಟಲೆ ಗೋಣಿಚೀಲದಲ್ಲಿ ಕಟ್ಟಿದಂತೆಯೇ ಇದ್ದವು. ಗೋಡೆಗೆ ಒಂದು ಮೊಳೆ ಹೊಡೆಯಬೇಕೆಂದರೂ ಯಾರನ್ನೋ ಕೇಳಬೇಕು ಅನ್ನಿಸಿ ಕೈ ತಡೆಯುತ್ತಿತ್ತು. ಆ ಬೇಸಿಗೆಗೆ ರಂಗೂಬಾಯಿ ಬಂದಳು. ತನ್ನ ಮನೆಯೆಂದು ಗೋಡೆ ಹಿಡಿದು ಧೈರ್ಯವಾಗಿ ನಡೆದು ಬಂದವಳು ಪಡಸಾಲೆಯ ಗೋಣಿಚೀಲಕ್ಕೆ ಎಡವಿದಳು. ಕೈಯಿಂದ ತಡವಿ, ಹಗ್ಗದ ಗಂಟು ಸಿಕ್ಕಿ, “ಯಾರು ಹೊರಟಿದ್ದೀರಿ?” ಎಂದು ಕೇಳಿದಳು.

ಮಧ್ಯಾಹ್ನ ಉಣ್ಣುವವರೆಲ್ಲ ಹೋದ ಮೇಲೆ ಪಾರವ್ವ ಕುಡುಗೋಲು ತಂದು ಹಗ್ಗ ಕೊಯ್ದು, ಒಂದೊಂದೇ ಪಾತ್ರೆ ತೆಗೆದು ತೊಳೆದು ನಾಗೊಂದಿಗೆಯ ಮೇಲೆ ಬೋರಲು ಹಾಕತೊಡಗಿದಳು. ರಂಗೂಬಾಯಿ ಪಕ್ಕದಲ್ಲಿ ಕೂತು ಒಂದೊಂದನ್ನೂ ಉಗುರಿನಿಂದ ಬಡಿದು, ಇದು ಯಾರ ಕೈಕೆಲಸ, ಇದು ಎಷ್ಟು ತೆಳು ಎಂದು ಕೊಂಕು ತೆಗೆದಳು. ಕಿಟಕಿಯ ಕೆಳಗೆ ದೊಡ್ಡ ಹಂಡೆ ಇಡಬೇಕು, ತಾನು ಅಲ್ಲೇ ಇಡುತ್ತಿದ್ದೆ ಎಂದಳು. ಪಾರವ್ವ ಅದನ್ನು ಹಿತ್ತಲ ಬಾಗಿಲ ಹತ್ತಿರ ಇಟ್ಟಳು. ಇಬ್ಬರಿಗೂ ಅಂದು ಸಂಜೆಯವರೆಗೆ ಜಗಳವಾಯಿತು.