ಕಾಲು ನೆಲಕ್ಕೆ ಮುಟ್ಟುವ ಸೀಟು

ಪಾಠದ ನಡುವೆ ಕೈಯಿಂದ ಚಾಕ್‌ಪೀಸ್ ಬಿತ್ತು. ಎತ್ತಿಕೊಳ್ಳಲು ಹೋದರೆ ಬಲಗೈಯ ಕಿರುಬೆರಳು, ಉಂಗುರದ ಬೆರಳು ಎರಡೂ ಜೋಮು ಹಿಡಿದಿದ್ದವು. ಬಗ್ಗಿದವಳಿಗೆ ಏಳಲೂ ಆಗಲಿಲ್ಲ. ಮೊಣಕಾಲು ನೋವು ಮೊದಲೇ ಇತ್ತು, ಅವತ್ತು ಹಟ ಹಿಡಿಯಿತು.

ನಾನು ಭಾಲ್ಕಿಯ ಶಾಲೆಯೊಂದರಲ್ಲಿ ಹಿಂದಿ ಕಲಿಸುತ್ತೇನೆ. ಮನೆ ಊರಂಚಿಗೆ. ಹೋಗಿಬರುವುದು ಸೈಕಲ್ಲಿನ ಮೇಲೆ. ಯಾರನ್ನೂ ಕೇಳದೆ, ಯಾರಿಗೂ ಕಾಯದೆ ನಾನು ಮನೆಯಿಂದ ಹೊರಡುವುದು ಅದೊಂದರಿಂದಲೇ.

ಗಂಡ ನನ್ನನ್ನು ಬೀದರಿನ ಆಸ್ಪತ್ರೆಗೆ ಕರೆದೊಯ್ದ. ಡಾಕ್ಟರು ಎಕ್ಸ್‌ರೇ ಎತ್ತಿ ನೋಡಿ, ನನ್ನನ್ನು ಬಿಟ್ಟು ಅವನಿಗೆ ಹೇಳಿದರು: “ವಯಸ್ಸಾತಲ್ರಿ. ಸೈಕಲ್ ಬಿಡಸ್ರಿ.”

ಮೊಣಕಾಲು ನನ್ನದು. ಮಾತುಕತೆ ಅವರಿಬ್ಬರದು.

ಮರುದಿನ ಅಂಗಳದಲ್ಲಿ ಸೈಕಲ್ ಇರಲಿಲ್ಲ.

ಗಂಡ ಅದನ್ನು ಔರಾದಿಗೆ, ನನ್ನ ತಮ್ಮನ ಮನೆಗೆ ಕಳಿಸಿಬಿಟ್ಟಿದ್ದ. “ಕಣ್ಣಿಗಿ ಬಿದ್ರ ಮತ್ತ ಹತ್ತತೀ ನೀ. ಸಾಲಿಗಿ ನಾನೇ ಬಿಡ್ತೇನಿ, ನಾನೇ ಕರಕೊಂಡು ಬರ್ತೇನಿ,” ಅಂದ. ಮೈಯೆಲ್ಲ ಉರಿಯಿತು. ಅಂದಿನಿಂದ ಅವನಿಗೆ ಬಿಡುವಾಗುವ ತನಕ ಶಾಲೆಯ ಗೇಟಿನಲ್ಲಿ ನಿಂತು ಕಾಯುವುದಾಯಿತು. ನೋವೇನೋ ಕಡಿಮೆಯಾಗುತ್ತ ಬಂತು. ಅದಕ್ಕೇ ಇನ್ನಷ್ಟು ಸಿಟ್ಟು ಬಂತು. ಅವರೇ ಗೆದ್ದ ಹಾಗಾಯಿತಲ್ಲ.

ಅದೇ ಆಸ್ಪತ್ರೆಯ ಫಿಸಿಯೋಥೆರಪಿಯ ಮೇಡಂ ಮಾತ್ರ ನನ್ನನ್ನೇ ಕೇಳಿದರು. “ಸೈಕಲ್ ಮ್ಯಾಲ ಹ್ಯಾಂಗ ಕೂಡ್ತೀರಿ? ತೋರಸ್ರಿ.”

ಗಿಡ್ಡ ಸ್ಟೂಲಿನ ಮೇಲೆ ಕುಳಿತು ತೋರಿಸಿದೆ. ಮೊಣಕಾಲು ಹೊಟ್ಟೆಯ ಹತ್ತಿರ ಬಂತು, ಕೈ ಬಿಗಿಯಾಗಿ ಮುಂದೆ ಚಾಚಿತು.

“ಸೀಟು ಇಷ್ಟು ಕೆಳಗ ಯಾಕರಿ?”

ಯಾಕೆಂದರೆ ನಮ್ಮ ಓಣಿಯಲ್ಲಿ ಹಿರಿಯರು ಕಟ್ಟೆಯ ಮೇಲಿದ್ದರೆ ಸೊಸೆಯಾದವಳು ಇಳಿದು, ಸೈಕಲ್ ನೂಕಿಕೊಂಡು ದಾಟಬೇಕು. ತಟ್ಟನೆ ಇಳಿಯಲು ಎರಡೂ ಪಾದ ನೆಲಕ್ಕೆ ಮುಟ್ಟಬೇಕು. ಅದಕ್ಕೇ ನನ್ನ ಅತ್ತೆ ಸೈಕಲ್ ತಂದ ದಿನವೇ ಸೀಟು ಪೂರಾ ಇಳಿಸಲು ಹೇಳಿದ್ದರು. ಇಳಿಸಿದ ಮೇಲೆ ಮೊಣಕಾಲು ಹ್ಯಾಂಡಲ್ಲಿಗೆ ಬಡಿಯತೊಡಗಿತು. ಗಂಡ ಸೀಟನ್ನು ಹಿಂದಕ್ಕೆ ಸರಿಸಿದ. ಹ್ಯಾಂಡಲ್ ದೂರವಾಯಿತು. ನಾನು ಅಂಗೈ ಮೇಲೆ ಭಾರ ಹಾಕಿ ವರ್ಷಗಟ್ಟಲೆ ತುಳಿದೆ. ವಯಸ್ಸಂತೆ ವಯಸ್ಸು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು.

“ಸೈಕಲ್ ತಗೊಂಡು ಬರ್ರಿ ಇಲ್ಲಿಗಿ,” ಅಂದರು ಮೇಡಂ.

ನಾನೇ ಔರಾದಿಗೆ ಹೋದೆ. “ಭಾವಗ ಕೇಳಿದಿ ಏನಕ್ಕ?” ಅಂದ ತಮ್ಮ. “ಸೈಕಲ್ ಯಾರದೋ?” ಅಂದೆ. ಅವನೇ ಟೆಂಪೊಗೆ ಹಾಕಿಕೊಟ್ಟ.

ಆಸ್ಪತ್ರೆಯ ಹಿಂಬದಿ ಮೇಡಂ ನನ್ನನ್ನು ಗೋಡೆ ಹಿಡಿಸಿ ಸೈಕಲ್ ಮೇಲೆ ಕೂರಿಸಿದರು. ಪೆಡಲ್ ತೀರ ಕೆಳಗಿದ್ದಾಗ ಹಿಮ್ಮಡಿ ಇಟ್ಟರೆ ಕಾಲು ನೆಟ್ಟಗಾಗುವಷ್ಟು ಸೀಟು ಎತ್ತಿಸಿ, ಮುಂದಕ್ಕೆ ಸರಿಸಿದರು. ಹ್ಯಾಂಡಲ್ ತುಸು ಮೇಲೆ ಬಂತು. ಮೊಣಕೈ ತಾನಾಗಿಯೇ ಸಡಿಲಾಯಿತು. ಇಷ್ಟೇ. ಇಷ್ಟಕ್ಕೆ ನನ್ನನ್ನು ಮುದುಕಿ ಮಾಡಿದ್ದರು.

“ತುದಿಗಾಲಷ್ಟೇ ನೆಲಕ್ಕ ಮುಟ್ತದ. ಸಾವಕಾಶ ರೂಢಿ ಮಾಡ್ಕೊರಿ. ಜೋಮು ಪೂರ್ತಿ ಹೋಗ್ತದಂತ ನಾ ಹೇಳಂಗಿಲ್ರಿ.”

ಪೂರ್ತಿ ಹೋಗಿಲ್ಲ. ಕಿರುಬೆರಳು ಬೆಳಗ್ಗೆ ಇನ್ನೂ ಮಂಕಾಗಿರುತ್ತದೆ. ಆದರೆ ಚಾಕ್‌ಪೀಸ್ ಬೀಳುವುದಿಲ್ಲ, ಮೆಟ್ಟಿಲು ಹತ್ತುವಾಗ ಮೊಣಕಾಲು ಕೂಗುವುದಿಲ್ಲ. ಆ ಮೇಡಂಗೆ ಮನಸ್ಸಿನಲ್ಲೇ ಕೈ ಮುಗಿಯುತ್ತೇನೆ. ಉಳಿದವರ ಮೇಲಿನ ಸಿಟ್ಟು ಇಳಿದಿಲ್ಲ.

ಮೊನ್ನೆ ಶಾಲೆಯಿಂದ ಬರುವಾಗ ಓಣಿಯ ಬಾಯಲ್ಲಿ ಅತ್ತೆ ಕಟ್ಟೆಯ ಮೇಲಿದ್ದರು, ಜೊತೆಗೆ ಓಣಿಯ ಹಿರಿಯರು.

“ಯಾಕ, ಇಳಿಯಂಗಿಲ್ಲೇನ?” ಅಂದರು ಅತ್ತೆ.

“ಶರಣ್ರಿ ಅತ್ತಿ. ಕಾಲು ನೆಲಕ್ಕ ಮುಟ್ಟಂಗಿಲ್ರಿ,” ಅಂದು ಮನೆಯ ಬಾಗಿಲ ತನಕ ತುಳಿದೆ.